ಜುಮ್ಮೆನ್ನುವ ಗ್ರೈಂಡರ್: ಬಾಡಿಗೆ ಮನೆಯ ವೈರಿಂಗ್ ದೋಷ ಹುಡುಕುವ ಬಗೆ

ಮುಂಬಯಿ ಬಳಿಯ ಡೊಂಬಿವಲಿಯ ನಮ್ಮ ಬಾಡಿಗೆ ಮನೆಯ ವೈರಿಂಗ್ ದೋಷವನ್ನು ಮೊದಲು ಪತ್ತೆ ಹಚ್ಚಿದವರು ಅಮ್ಮ. ಕುಂದಾಪುರದಿಂದ ಬಂದ ಮೂರನೆಯ ದಿನ, ದೋಸೆಗೆ ಅರೆಯುತ್ತಾ ಗ್ರೈಂಡರಿನ ಅಂಚಿಗೆ ಅಂಟಿದ ಹಿಟ್ಟನ್ನು ಬಳಿಯಹೋದವರು ಥಟ್ಟನೆ ಕೈ ಹಿಂದಕ್ಕೆ ಎಳೆದುಕೊಂಡರು. "ಎಂತದಿದು, ಇರುವೆ ಹರಿದ ಹಾಗೆ ಜುಂ ಎನ್ನುತ್ತದೆ!" ಒಳಗಿನಿಂದ ಹೆಂಡತಿ ಹೇಳಿದಳು: "ಮಳೆಗಾಲದಲ್ಲಿ ಹಾಗೇ ಅತ್ತೆ, ನಾನು ಚಪ್ಪಲಿ ಹಾಕಿಕೊಂಡೇ ಅರೆಯುವುದು." ಕಾರ್ಖಾನೆಯೊಂದರ ನಿರ್ವಹಣಾ ವಿಭಾಗದಲ್ಲಿ ಹದಿನೆಂಟು ವರ್ಷ ದುಡಿದವನ ಮನೆಯಲ್ಲಿ ಒಂದು ತಿಂಗಳಿಂದ ಈ ಚಪ್ಪಲಿ ಚಿಕಿತ್ಸೆ ನಡೆದಿತ್ತು, ನನಗೇ ಗೊತ್ತಿರಲಿಲ್ಲ. ಮನೆ ಒಡತಿಗೆ ಫೋನ್ ಮಾಡಿದರೆ ಅವರದೂ ಅದೇ ಮದ್ದು: "ಚಪ್ಪಲ್ ಘಾಲಾ ನಾ!"

ಒತ್ತಾಯಿಸಿದ ಮೇಲೆ ಅವರು ಒಬ್ಬ ವೈರ್‌ಮನ್‌ನನ್ನು ಕಳುಹಿಸಿದರು. ನಾನು ಕೆಲಸಕ್ಕೆ ಹೋಗಿದ್ದೆ. ಅವನು ಬಂದು ಹತ್ತು ನಿಮಿಷದಲ್ಲಿ ಬೋರ್ಡ್ ಬಿಚ್ಚಿ, ಮುಚ್ಚಿ, ಚಹಾ ಕುಡಿದು ಹೋದನಂತೆ. ಸಂಜೆ ನೋಡಿದರೆ ಜುಮ್ಮೆನ್ನುವುದು ನಿಂತಿತ್ತು. ಏನು ಮಾಡಿದೆ ಎಂದು ನಾನು ಅವನನ್ನು ಕೇಳಲಿಲ್ಲ. ಕೇಳಬೇಕಿತ್ತು.

ಗಣೇಶ ಚೌತಿಯ ಹಿಂದಿನ ರಾತ್ರಿ ನಮ್ಮ ಮನೆಯಲ್ಲಿ ಮಾತ್ರ ಕರೆಂಟ್ ಹೋಯಿತು. ಎದುರು ಮನೆಯಲ್ಲಿ ದೀಪ ಉರಿಯುತ್ತಿದೆ, ನಮ್ಮಲ್ಲಿ ಫ್ಯಾನೂ ಇಲ್ಲ, ಬೆಳಕೂ ಇಲ್ಲ. ಮೊಬೈಲ್ ಟಾರ್ಚ್ ಹಿಡಿದು ಅಡುಗೆಮನೆಗೆ ಹೋದವನು, ಗ್ರೈಂಡರನ್ನು ಪಕ್ಕಕ್ಕೆ ಸರಿಸುವ ಮೊದಲು ಕಾರ್ಖಾನೆಯ ಅಭ್ಯಾಸದಂತೆ ಅದರ ಮೈಗೆ ಟೆಸ್ಟರ್ ಇಟ್ಟೆ. ಕತ್ತಲಲ್ಲಿ ಟೆಸ್ಟರಿನ ನಿಯಾನ್ ಕಿತ್ತಳೆ ಬಣ್ಣದಲ್ಲಿ ಢಾಳಾಗಿ ಹೊತ್ತಿಕೊಂಡಿತು. ಸಾಕೆಟ್ಟಿನ ಸ್ವಿಚ್ ಆಫ್ ಆಗಿತ್ತು. ಮನೆಯಲ್ಲಿ ಒಂದು ದೀಪ ಉರಿಯುವಷ್ಟೂ ಕರೆಂಟ್ ಇರಲಿಲ್ಲ, ಗ್ರೈಂಡರಿನ ಮೈಮೇಲೆ ಮಾತ್ರ 230 ವೋಲ್ಟ್ ಕುಳಿತಿತ್ತು. ಮೇನ್ ಸ್ವಿಚ್ ಕೆಳಗೆ ಎಳೆದು, ಆ ರಾತ್ರಿ ಎಲ್ಲರನ್ನೂ ಹೊರಕೋಣೆಯಲ್ಲಿ ಮಲಗಿಸಿದೆ.

ಮರುದಿನ ಹಬ್ಬವಾದರೂ ಬಂದವರು ಬಾಗಲಕೋಟೆ ಕಡೆಯ ಹಿರಿಯ ವೈರ್‌ಮನ್. ಕಟ್ಟಡದವರೆಲ್ಲ ಅವರನ್ನು ಕಾಕಾ ಎನ್ನುತ್ತಾರೆ. ಗ್ರೈಂಡರಿನ ಬೋರ್ಡ್ ಬಿಚ್ಚಿ ಅವರು ತೋರಿಸಿದ್ದು ಎರಡಂಗುಲದ ಒಂದು ಕಪ್ಪು ವೈರ್. ಸಾಕೆಟ್ಟಿನ ನ್ಯೂಟ್ರಲ್ (ಕರೆಂಟ್ ಮರಳಿ ಹೋಗುವ ಕಂಬಿಯ) ಸ್ಕ್ರೂವಿನಿಂದ ಮೇಲಿನ ದೊಡ್ಡ ರಂಧ್ರದ ಅರ್ಥಿಂಗ್ (ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ ಕಂಬಿಯ) ಸ್ಕ್ರೂವಿಗೆ ಅದನ್ನು ಕೊಂಡಿ ಹಾಕಲಾಗಿತ್ತು. ಹಳೆಯ ಹಸಿರು ವೈರನ್ನು ಕತ್ತರಿಸಿ ಡಬ್ಬದ ಮೂಲೆಗೆ ಮಡಚಿ ತುರುಕಿದ್ದರು. "ನಿಮ್ಮ ಹತ್ತು ನಿಮಿಷದ ರಿಪೇರಿ ಇದೇ," ಎಂದರು ಕಾಕಾ.

ನಡೆದದ್ದು ಹೀಗೆ. ನ್ಯೂಟ್ರಲ್ ಸರಿಯಾಗಿ ಇರುವವರೆಗೆ ಆ ಕೊಂಡಿ ಗ್ರೈಂಡರಿನ ಮೈಯ ಸೋರಿಕೆಯನ್ನು ನ್ಯೂಟ್ರಲ್ಲಿಗೆ ಸಾಗಿಸುತ್ತದೆ, ಕೈಗೆ ಏನೂ ತಾಗುವುದಿಲ್ಲ. ನಮ್ಮ ಮೇನ್ ಬೋರ್ಡಿನಲ್ಲಿ ಹಳೆಯ ಕಾಲದ ಪಿಂಗಾಣಿ ಫ್ಯೂಸುಗಳು ಎರಡಿದ್ದವು: ಒಂದು ಫೇಸಿಗೆ, ಅಂದರೆ ಕರೆಂಟ್ ತರುವ ಕಂಬಿಗೆ, ಇನ್ನೊಂದು ನ್ಯೂಟ್ರಲ್ಲಿಗೆ. ಆ ರಾತ್ರಿ ಸುಟ್ಟುಹೋದದ್ದು ನ್ಯೂಟ್ರಲ್ ಫ್ಯೂಸು. ಫೇಸ್ ಬರುತ್ತಲೇ ಇತ್ತು. ಆನ್ ಇದ್ದ ಫ್ಯಾನು, ದೀಪಗಳ ಮೂಲಕ ಹಾದು ನ್ಯೂಟ್ರಲ್ ವೈರಿಗೆ ಬಂದು, ಹಿಂದೆ ಹೋಗಲು ದಾರಿಯಿಲ್ಲದೆ ಆ ಕೊಂಡಿಯ ಮೂಲಕ ಗ್ರೈಂಡರಿನ ಮೈಗೆ ಏರಿತು. ಸಾಕೆಟ್ಟಿನ ಸ್ವಿಚ್ ಕಡಿಯುವುದು ಫೇಸನ್ನು ಮಾತ್ರ, ಆದ್ದರಿಂದ ಅದು ಆಫ್ ಇದ್ದೂ ಪ್ರಯೋಜನವಿಲ್ಲ. ನ್ಯೂಟ್ರಲ್ಲಿನಲ್ಲಿ ಫ್ಯೂಸ್ ಇರಲೇಬಾರದು. ಹಳೆಯ ಮನೆಗಳಲ್ಲಿ ಇನ್ನೂ ಇದೆ. ನಿಮ್ಮ ಮೇನ್ ಬೋರ್ಡಿನಲ್ಲಿ ಎರಡು ಪಿಂಗಾಣಿ ಡಬ್ಬಗಳು ಅಕ್ಕಪಕ್ಕ ಕಂಡರೆ ನ್ಯೂಟ್ರಲ್ ಫ್ಯೂಸನ್ನು ಮೊದಲು ತೆಗೆಸಬೇಕು. ನ್ಯೂಟ್ರಲ್ ನೇರವಾಗಿ ಹೋಗಬೇಕು, ಇಲ್ಲವೇ ಎರಡು ಕಂಬಿಗಳನ್ನೂ ಒಟ್ಟಿಗೆ ಕಡಿಯುವ ಡಬಲ್ ಪೋಲ್ ಸ್ವಿಚ್ ಇರಬೇಕು.

ಜುಮ್ಮೆಂದರೆ ತಪ್ಪು ಒಂದಲ್ಲ, ಎರಡು

ಜನ ತಪ್ಪುವುದು ಇಲ್ಲಿಯೇ. ಗ್ರೈಂಡರನ್ನು ಪಕ್ಕದ ಮನೆಗೆ ಒಯ್ದು ಹಾಕುತ್ತಾರೆ, ಅಲ್ಲಿ ಜುಮ್ಮೆನ್ನುವುದಿಲ್ಲ. ಹಾಗಾದರೆ ಗ್ರೈಂಡರ್ ಸರಿ ಇದೆ, ನಮ್ಮ ಗೋಡೆಯದೇ ತಪ್ಪು ಎಂದು ತೀರ್ಮಾನಿಸುತ್ತಾರೆ. ಅರ್ಧ ಮಾತ್ರ ನಿಜ. ಪಕ್ಕದ ಮನೆಯಲ್ಲಿ ಅರ್ಥಿಂಗ್ ಸರಿಯಾಗಿರುವುದರಿಂದ ಸೋರಿಕೆ ಸದ್ದಿಲ್ಲದೆ ನೆಲಕ್ಕೆ ಇಳಿಯುತ್ತಿದೆ, ಅಷ್ಟೇ. ಕಬ್ಬಿಣದ ಮೈಯ ಗ್ರೈಂಡರ್, ಗೀಸರ್, ಫ್ರಿಜ್ ಕೈಗೆ ಜುಮ್ಮೆನ್ನಬೇಕಾದರೆ ಸಾಮಾನ್ಯವಾಗಿ ಉಪಕರಣದೊಳಗೆ ಸೋರಿಕೆಯೂ ಇರಬೇಕು, ಗೋಡೆಯಲ್ಲಿ ಅರ್ಥಿಂಗೂ ಸತ್ತಿರಬೇಕು. ಹಾಗಾಗಿ ಎರಡನ್ನೂ ಬೇರೆ ಬೇರೆಯಾಗಿ ಪರೀಕ್ಷಿಸಬೇಕು. ಒಂದು ಸಿಕ್ಕಿತೆಂದು ಹುಡುಕುವುದನ್ನು ನಿಲ್ಲಿಸಬಾರದು.

ಇದಕ್ಕೆ ಒಂದು ಅಪವಾದವಿದೆ, ಅದನ್ನು ಹೇಳದಿದ್ದರೆ ನೀವು ವೃಥಾ ಗಾಬರಿಯಾಗುತ್ತೀರಿ. ಲ್ಯಾಪ್‌ಟಾಪಿನ ಲೋಹದ ಮೈ ಚಾರ್ಜಿಗೆ ಹಾಕಿದಾಗ ಸವರಿದರೆ ಸಣ್ಣಗೆ ಗುಂಯ್‌ಗುಟ್ಟಿದ ಹಾಗಾಗುತ್ತದೆ. ಕಂಪ್ಯೂಟರಿನ ಡಬ್ಬವೂ ಹಾಗೆಯೇ. ಅಂಥ ಪವರ್ ಸಪ್ಲೈಗಳ ಒಳಗೆ ಗದ್ದಲ ಸೋಸಲು ಪುಟ್ಟ ಕೆಪಾಸಿಟರುಗಳಿರುತ್ತವೆ. ಅರ್ಥಿಂಗ್ ಇಲ್ಲದಿದ್ದರೆ ಅವು ಲೋಹದ ಮೈಯನ್ನು ಸರಿಸುಮಾರು ಅರ್ಧ ವೋಲ್ಟೇಜಿನಲ್ಲಿ, ಅಂದರೆ 115ರ ಆಸುಪಾಸಿನಲ್ಲಿ ತೇಲಿಸುತ್ತವೆ. ಹರಿಯುವ ಕರೆಂಟ್ ಅತ್ಯಲ್ಪ, ಯಂತ್ರ ಕೆಟ್ಟಿಲ್ಲ. ಆದರೆ ಮೂರು ಪಿನ್ನಿನ ಕಂಪ್ಯೂಟರ್ ಹೀಗೆ ಮಾಡಿದರೆ, ಆ ಪಾಯಿಂಟಿನಲ್ಲಿ ಅರ್ಥಿಂಗ್ ಇಲ್ಲ ಎಂಬ ಸುದ್ದಿಯನ್ನು ಅದು ನಿಮಗೆ ಪುಕ್ಕಟೆಯಾಗಿ ಕೊಟ್ಟಂತಾಯಿತು.

ಗೋಡೆಯ ಪರೀಕ್ಷೆ

ಕೈ, ಕಾಲು, ಕಡಪ ಕಟ್ಟೆ ಒಣಗಿರಬೇಕು. ಕಾಲಿಗೆ ರಬ್ಬರ್ ಚಪ್ಪಲಿ ಇರಲಿ. ಅದು ನಿಮ್ಮ ರಕ್ಷಣೆಗೆ, ಗ್ರೈಂಡರಿನ ಚಿಕಿತ್ಸೆಗಲ್ಲ. ಬಾಡಿಗೆದಾರರಾದ ನಾವು ಬೋರ್ಡ್ ಬಿಚ್ಚುವ ಅಗತ್ಯವಿಲ್ಲ. ಬಹುಪಾಲು ವಿಷಯ ಸಾಕೆಟ್ಟಿನ ಮೂರು ರಂಧ್ರಗಳಿಂದಲೇ ತಿಳಿಯುತ್ತದೆ.

ಟೆಸ್ಟರನ್ನು ನಂಬಿ, ಆದರೆ ಅಳಿಯನನ್ನು ನಂಬುವಷ್ಟೇ ನಂಬಿ. ಮೊದಲು ಕರೆಂಟ್ ಇದೆಯೆಂದು ಖಚಿತವಿರುವ ಕಡೆ ಅದು ಉರಿಯುತ್ತದೆಯೇ ನೋಡಿ, ಆಮೇಲೆ ಅನುಮಾನದ ಜಾಗಕ್ಕೆ ಇಡಿ, ಮತ್ತೆ ಮೊದಲಿನ ಕಡೆ ಇಟ್ಟು ನೋಡಿ. ಹಗಲಿನಲ್ಲಿ ನಿಯಾನ್ ಕಾಣದೆ ಹೋಗಬಹುದು. ಅದು ಉರಿಯಲಿಲ್ಲ ಎಂದ ಮಾತ್ರಕ್ಕೆ ಕರೆಂಟ್ ಇಲ್ಲ ಎಂದಲ್ಲ. ಸಾಕೆಟ್ಟನ್ನು ಎದುರಿನಿಂದ ನೋಡಿದರೆ ಮೇಲಿನ ದೊಡ್ಡ ರಂಧ್ರ ಅರ್ಥಿಂಗ್, ಕೆಳಗೆ ಬಲಕ್ಕೆ ಫೇಸ್, ಎಡಕ್ಕೆ ನ್ಯೂಟ್ರಲ್. ಸ್ವಿಚ್ ಆನ್ ಮಾಡಿದಾಗ ಬಲಗಡೆ ಮಾತ್ರ ಟೆಸ್ಟರ್ ಉರಿಯಬೇಕು. ಎಡಗಡೆ ಉರಿದರೆ ಫೇಸ್ ಮತ್ತು ನ್ಯೂಟ್ರಲ್ ಅದಲುಬದಲಾಗಿವೆ, ಇಲ್ಲವೇ ನ್ಯೂಟ್ರಲ್ ಎಲ್ಲೋ ಕಡಿದಿದೆ. ಮೇಲಿನ ರಂಧ್ರದಲ್ಲಿ ಉರಿದರೆ ಮುಂದಿನ ಪರೀಕ್ಷೆ ಬೇಡ. ಮೇನ್ ಆಫ್ ಮಾಡಿ ವೈರ್‌ಮನ್‌ನನ್ನು ಕರೆಯಿರಿ.

ಇನ್ನು ಮಲ್ಟಿಮೀಟರ್. ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಬಳಸಿ ಅಭ್ಯಾಸವಿಲ್ಲದವರು ಈ ಭಾಗವನ್ನು ವೈರ್‌ಮನ್ ಕೈಯಲ್ಲಿ ಮಾಡಿಸಿ ಪಕ್ಕದಲ್ಲಿ ನಿಂತು ನೋಡಿದರೂ ಸಾಕು. ಕೆಂಪು ತಂತಿ ವೋಲ್ಟಿನ ತೂತಿನಲ್ಲಿರಬೇಕು. 10 ಆಂಪಿಯರ್ ಎಂದು ಬರೆದ ತೂತಿನಲ್ಲಿಟ್ಟು ಸಾಕೆಟ್ಟಿಗೆ ಚುಚ್ಚಿದರೆ ಅದು ನೇರ ಶಾರ್ಟ್. ಎಸಿ ವೋಲ್ಟೇಜಿನ ದೊಡ್ಡ ರೇಂಜಿಗೆ ತಿರುಗಿಸಿ ಮೂರು ಅಳತೆ ತೆಗೆದುಕೊಳ್ಳಿ. ಫೇಸ್ ಮತ್ತು ನ್ಯೂಟ್ರಲ್ ನಡುವೆ 230ರ ಆಸುಪಾಸು, ಫೇಸ್ ಮತ್ತು ಅರ್ಥಿಂಗ್ ನಡುವೆಯೂ ಹೆಚ್ಚುಕಡಿಮೆ ಅಷ್ಟೇ, ನ್ಯೂಟ್ರಲ್ ಮತ್ತು ಅರ್ಥಿಂಗ್ ನಡುವೆ ಒಂದೆರಡು ವೋಲ್ಟ್. ಫೇಸ್‌ನಿಂದ ಅರ್ಥಿಂಗಿಗೆ 60, 90, 120 ಎಂದು ಅಂಕೆ ಅಲೆದಾಡುತ್ತಿದ್ದರೆ ಅರ್ಥಿಂಗ್ ವೈರ್ ಎಲ್ಲಿಗೂ ಸೇರಿಲ್ಲ, ಗಾಳಿಯಲ್ಲಿ ತೇಲುತ್ತಿದೆ.

ನ್ಯೂಟ್ರಲ್ ಮತ್ತು ಅರ್ಥಿಂಗ್ ನಡುವೆ ಸೊನ್ನೆ ಬಂದರೆ ಹೊಸಬರು ಖುಷಿಪಡುತ್ತಾರೆ. ನಾನು ಮಾತ್ರ ಆಗ ಇಸ್ತ್ರಿಪೆಟ್ಟಿಗೆ ತರುತ್ತೇನೆ. ಅದೇ ಬೋರ್ಡಿನ ಇನ್ನೊಂದು ಸಾಕೆಟ್ಟಿಗೆ ಅದನ್ನು ಹಾಕಿ ಬಿಸಿಯಾಗಲು ಬಿಟ್ಟು ಮತ್ತೆ ಅಳೆಯಬೇಕು. ನಿಜವಾದ ಅರ್ಥಿಂಗ್ ಇದ್ದರೆ, ನ್ಯೂಟ್ರಲ್ಲಿನಲ್ಲಿ ಕರೆಂಟ್ ಹರಿಯತೊಡಗಿದಾಗ ಅಂಕೆ ಸ್ವಲ್ಪವಾದರೂ ಮೇಲೇಳುತ್ತದೆ. ಏನು ಹಾಕಿದರೂ ಅಂಕೆ ಅಲುಗದೆ 0.0 ಎಂದೇ ನಿಂತರೆ, ಒಳಗೆ ನಮ್ಮ ಮನೆಯಲ್ಲಿದ್ದಂಥ ಕಪ್ಪು ವೈರಿನ ಕೊಂಡಿ ಇರಬಹುದೆಂದು ಅನುಮಾನಿಸಬೇಕು. ಮೂರು ದೀಪದ ಪ್ಲಗ್ ಟೆಸ್ಟರ್ ಈ ಮೋಸವನ್ನು ಹಿಡಿಯುವುದಿಲ್ಲ, ಎಲ್ಲ ಸರಿ ಎಂದು ಹಸಿರು ತೋರಿಸುತ್ತದೆ. ನೂರು ವ್ಯಾಟಿನ ಬಲ್ಬನ್ನು ಫೇಸಿಗೂ ಅರ್ಥಿಂಗಿಗೂ ಹಚ್ಚಿ ನೋಡುವ ಹಳೆಯ ಪದ್ಧತಿಯೂ ಹಿಡಿಯುವುದಿಲ್ಲ. ಆ ಬಲ್ಬಿನ ಪರೀಕ್ಷೆಯನ್ನು ನೀವಾಗಿ ಮಾಡಲೇಬೇಡಿ: ಅರ್ಥಿಂಗ್ ಮುಂದೆಲ್ಲೋ ಕಡಿದಿದ್ದರೆ ಬಲ್ಬಿನ ಮೂಲಕ ಹೋದ ಫೇಸ್ ಮನೆಯ ಫ್ರಿಜ್, ವಾಷಿಂಗ್ ಮಷಿನ್ ಎಲ್ಲದರ ಮೈಗೂ ಹರಡುತ್ತದೆ.

ನಮ್ಮ ಹಸಿರು ವೈರ್ ಸತ್ತದ್ದು ಹೇಗೆ ಎಂಬುದನ್ನು ಕಾಕಾ ಹುಡುಕಿಕೊಂಡು ಹೋದರು. ಅದು ಅಡುಗೆಮನೆ ದಾಟಿ, ಬಚ್ಚಲಿನ ಅಟ್ಟದ ಮೇಲೆ ಹಾದು, ಗೋಡೆಯಿಂದ ಗೇಣುದ್ದ ಹೊರಬಂದಿದ್ದ ಕಬ್ಬಿಣದ ನೀರಿನ ಪೈಪಿನ ತುಂಡಿಗೆ ನಾಲ್ಕು ಸುತ್ತು ಸುತ್ತಿಕೊಂಡಿತ್ತು. ಮೇಲೆ ಸುಣ್ಣ ಬಳಿದಿದ್ದರು. ಆ ಪೈಪಿನಲ್ಲಿ ನೀರೇ ಇಲ್ಲ. ಸೊಸೈಟಿಯವರು ತುಕ್ಕು ಹಿಡಿದ ಕಬ್ಬಿಣದ ಪೈಪುಗಳನ್ನು ತೆಗೆದು ಪ್ಲಾಸ್ಟಿಕ್ ಪೈಪ್ ಹಾಕಿಸಿದ ದಿನವೇ ಮೂರು ಮಹಡಿಗಳ ಅರ್ಥಿಂಗ್ ನೆಲದ ಸಂಬಂಧ ಕಳೆದುಕೊಂಡಿತ್ತು. ನಲ್ಲಿಯ ಪೈಪಿಗೆ ಅರ್ಥಿಂಗ್ ಕಟ್ಟುವುದು ಹಳೆಯ ಕಟ್ಟಡಗಳ ಚಾಳಿ. ಪೈಪ್ ಬದಲಾದ ಕಟ್ಟಡದಲ್ಲಿ ನೀವಿದ್ದರೆ ಇದನ್ನೇ ಮೊದಲು ಶಂಕಿಸಿ.

ಉಪಕರಣದ ಪರೀಕ್ಷೆ

ಪ್ಲಗ್ ಕಿತ್ತ ಮೇಲೆ ಮಾತ್ರ. ಉಪಕರಣದ ಸ್ವಿಚ್ ಆನ್ ಇರಲಿ, ಪ್ಲಗ್ ಕೈಯಲ್ಲಿರಲಿ. ಮಲ್ಟಿಮೀಟರನ್ನು ಓಮ್ಸಿನ ಅತಿ ದೊಡ್ಡ ರೇಂಜಿಗೆ ಇಟ್ಟು, ದಪ್ಪ ಅರ್ಥಿಂಗ್ ಪಿನ್ನಿಗೂ ಉಳಿದ ಎರಡು ಪಿನ್ನುಗಳಿಗೂ ಒಂದೊಂದಾಗಿ ಹಚ್ಚಿ. ಪಿನ್ನಿನ ಲೋಹವನ್ನು ಬೆರಳು ತಾಗಿದರೆ ನಿಮ್ಮ ಮೈಯನ್ನೇ ಅಳೆದಂತಾಗುತ್ತದೆ. ಸಂಪರ್ಕವೇ ಇಲ್ಲ ಎಂದು ತೋರಿಸಬೇಕು. ಕೆಲವು ಲಕ್ಷ ಓಮ್ ಅಥವಾ ಅದಕ್ಕಿಂತ ಕಡಿಮೆ ತೋರಿಸಿದರೆ ಸೋರಿಕೆ ಖಚಿತ. ಏನೂ ತೋರಿಸದಿದ್ದರೆ ಪೂರ್ತಿ ನಿರಪರಾಧಿ ಎಂದಲ್ಲ. ಈ ಮೀಟರಿನ ಬ್ಯಾಟರಿ ಕೆಲವೇ ವೋಲ್ಟಿನದು. ಮೋಟರ್ ರಿಪೇರಿ ಅಂಗಡಿಯಲ್ಲಿ ಸೋರಿಕೆ ಪರೀಕ್ಷಿಸುವ 500 ವೋಲ್ಟಿನ ಮೆಗ್ಗರ್ ಎಂಬ ಮೀಟರ್ ಇರುತ್ತದೆ, ನಿಜ ಹೊರಬರುವುದು ಅದರಲ್ಲಿ. ಅರ್ಥಿಂಗ್ ಪಿನ್ನಿನಿಂದ ಉಪಕರಣದ ಬರಿಯ ಲೋಹದ ಮೈಗೆ ಮಾತ್ರ ಬಹುತೇಕ ಸೊನ್ನೆ ಓಮ್ ಬರಬೇಕು. ಬರದಿದ್ದರೆ ವೈರಿನೊಳಗೆ ಹಸಿರು-ಹಳದಿ ಎಳೆ ಕಡಿದಿದೆ, ಅಥವಾ ಯಾರೋ ಪ್ಲಗ್ ಬದಲಿಸುವಾಗ ಅದನ್ನು ಕತ್ತರಿಸಿ ಬಿಸಾಡಿದ್ದಾರೆ.

ಮಳೆಗಾಲದ ಈ ಊರಿನಲ್ಲಿ ಗೀಸರ್, ಇಸ್ತ್ರಿಪೆಟ್ಟಿಗೆಗಳ ಕಾಯಿಲು ಬಹಳ ದಿನ ಬಳಸದಿದ್ದರೆ ತೇವ ಹೀರಿ ಸೋರತೊಡಗುತ್ತದೆ. ಗ್ರೈಂಡರಿನ ಶತ್ರು ಹಿಟ್ಟು. ನಡುವಿನ ಸೀಲ್ ಸವೆದರೆ ಹಿಟ್ಟಿನ ನೀರು ನೇರ ಮೋಟರಿಗೆ ಇಳಿಯುತ್ತದೆ. ನಮ್ಮದನ್ನು ಬಿಚ್ಚಿದಾಗ ಮೋಟರಿನ ತಾಮ್ರದ ಸುತ್ತಿನ ಮೇಲೆ ಹಳೆಯ ಉದ್ದಿನ ಹಿಟ್ಟು ಬೂದು ಬಣ್ಣದ ಸಿಮೆಂಟಿನಂತೆ ಕಟ್ಟಿಕೊಂಡಿತ್ತು.

ಬಿಸಿ, ವಾಸನೆ, ಟ್ರಿಪ್

ಅಡುಗೆಮನೆಯಲ್ಲಿ ಒಣಮೀನಿನ ವಾಸನೆ ಬಂದರೆ ಕೆಳಗಿನ ಮನೆಯವರ ಬೊಂಬಿಲನ್ನು ದೂರುವ ಮೊದಲು ಸಾಕೆಟ್ಟುಗಳನ್ನು ಮುಟ್ಟಿ ನೋಡಿ. ಕಾದ ಸ್ವಿಚ್, ಸಾಕೆಟ್ಟುಗಳ ಪ್ಲಾಸ್ಟಿಕ್ಕಿಗೆ ಹಾಗೆಯೇ ಮೀನಿನ ವಾಸನೆ. ನಾವು ಶುದ್ಧ ಸಸ್ಯಾಹಾರಿಗಳ ಕಟ್ಟಡದಲ್ಲಿದ್ದುದರಿಂದ ಇದು ನಮಗೆ ಬೇಗ ತಿಳಿಯಿತು. ಬಚ್ಚಲಿನ ಗೀಸರ್ 2000 ವ್ಯಾಟಿನದು, ಅಂದರೆ ಸುಮಾರು 8.7 ಆಂಪಿಯರ್. ಅದನ್ನು ಕನ್ವರ್ಷನ್ ಪ್ಲಗ್ ಮೂಲಕ 6 ಆಂಪಿಯರಿನ ಸಣ್ಣ ಪಾಯಿಂಟಿಗೆ ಸಿಕ್ಕಿಸಿದ್ದರು. ದೀಪಕ್ಕೆಂದು ಎಳೆದ ತೆಳು ವೈರಿನ ಮೇಲಿನ ಹೊದಿಕೆ ಕರಿದ ಹಪ್ಪಳದಂತೆ ಕಂದಾಗಿ, ಬೆರಳು ತಾಗಿದರೆ ಪುಡಿಯಾಗುತ್ತಿತ್ತು. ಗೀಸರಿಗೆ, ಎಸಿಗೆ 16 ಆಂಪಿಯರಿನ ಬೇರೆಯದೇ ಪಾಯಿಂಟ್ ಬೇಕು, ಮೇನ್ ಬೋರ್ಡಿನಿಂದ ನೇರವಾಗಿ 4 ಚದರ ಮಿಲಿಮೀಟರಿನ ತಾಮ್ರದ ವೈರ್ ಬರಬೇಕು. ವಾಷಿಂಗ್ ಮಷಿನ್ ಇತ್ಯಾದಿಗೆ 2.5 ಸಾಕು. ಬರಿಯ ಪ್ಲಗ್ ಬಿಸಿಯಾಗುತ್ತಿದ್ದು ವೈರ್ ತಣ್ಣಗಿದ್ದರೆ ಸಾಕೆಟ್ಟಿನ ಹಿಡಿತ ಸಡಿಲವಾಗಿದೆ. ಸಾಕೆಟ್ ಬದಲಿಸಿದರೆ ಮುಗಿಯಿತು.

ಎಂಸಿಬಿ (ಫ್ಯೂಸಿನ ಬದಲು ಇರುವ, ತಾನಾಗಿ ಬೀಳುವ ಸ್ವಿಚ್) ಎತ್ತಿದ ತಕ್ಷಣ ಬೀಳುತ್ತದೆ ಎಂದರೆ ಶಾರ್ಟ್. ಹತ್ತು ಹದಿನೈದು ನಿಮಿಷ ಬಿಟ್ಟು ಬೀಳುತ್ತದೆ ಎಂದರೆ ಹೊರೆ ಹೆಚ್ಚು. ಆಗ ದೊಡ್ಡ ಎಂಸಿಬಿ ಹಾಕಿಸುವವರು ಗೋಡೆಯೊಳಗಿನ ವೈರನ್ನೇ ಫ್ಯೂಸ್ ಮಾಡಿಕೊಂಡಂತೆ. ಆರ್‌ಸಿಸಿಬಿ (ಸೋರಿಕೆ ಕಂಡರೆ ಕರೆಂಟ್ ಕಡಿಯುವ ಸ್ವಿಚ್) ಬಿದ್ದರೆ ಸೋರಿಕೆ: ಎಲ್ಲ ಪ್ಲಗ್ಗುಗಳನ್ನೂ ಕೀಳಿ, ಸ್ವಿಚ್ ಆಫ್ ಮಾಡಿದರೆ ಸಾಲದು, ಏಕೆಂದರೆ ನ್ಯೂಟ್ರಲ್‌ನಿಂದ ಮೈಗೆ ಸೋರುವ ಉಪಕರಣ ಸ್ವಿಚ್ ಆಫ್ ಇದ್ದರೂ ಅದನ್ನು ಬೀಳಿಸಬಲ್ಲದು. ಆಮೇಲೆ ಒಂದೊಂದಾಗಿ ಸಿಕ್ಕಿಸುತ್ತಾ ಬನ್ನಿ. ಯಾವುದಕ್ಕೆ ಬೀಳುತ್ತದೋ ಅದೇ ಕಳ್ಳ.

ಇವೆಲ್ಲಕ್ಕಿಂತ ತುರ್ತಿನದು ಒಂದಿದೆ. ಇದ್ದಕ್ಕಿದ್ದಂತೆ ಮನೆಯ ದೀಪಗಳು ಕಣ್ಣು ಕುಕ್ಕುವಷ್ಟು ಪ್ರಖರವಾಗಿ ಉರಿದು ಪಕ್ಕದ ಮನೆಯಲ್ಲಿ ಮಂಕಾದರೆ, ಕಟ್ಟಡದ ಮೂರು ಫೇಸಿನ ನ್ಯೂಟ್ರಲ್ ಕಡಿದಿದೆ. ಎರಡು ಫೇಸುಗಳ ನಡುವೆ ಇರುವುದು ಸುಮಾರು 400 ವೋಲ್ಟ್. ನಿಮ್ಮ ಪಾಲಿಗೆ ಅದರಲ್ಲಿ ಎಷ್ಟು ಬರುತ್ತದೆಂದು ಹೇಳಲಾಗದು. ಕಾರಣ ಹುಡುಕುತ್ತಾ ನಿಲ್ಲದೆ ಮೇನ್ ಆಫ್ ಮಾಡಿ, ನೆರೆಯವರಿಗೂ ಕೂಗಿ ಹೇಳಿ, ಕೆಳಗಿನ ಮೀಟರ್ ರೂಮಿಗೆ ಬೀಗದ ಕೈ ಹಿಡಿದ ಸೆಕ್ರೆಟರಿಯನ್ನು ಎಬ್ಬಿಸಿ. ಮೀಟರಿನವರೆಗಿನದು ವಿದ್ಯುತ್ ಕಂಪನಿಯ ಹೊಣೆ: ಡೊಂಬಿವಲಿ, ಠಾಣೆ, ಪುಣೆಯಲ್ಲಿ ಮಹಾವಿತರಣ, ಮುಂಬಯಿಯಲ್ಲಿ ಕೊಲಾಬಾದಿಂದ ಸಯಾನ್-ಮಾಹಿಮ್‌ವರೆಗೆ ಬೆಸ್ಟ್, ಉಪನಗರಗಳಲ್ಲಿ ಹೆಚ್ಚಾಗಿ ಅದಾನಿ ಅಥವಾ ಟಾಟಾ. ಮೀಟರಿನಿಂದ ಈಚೆಗಿನದು ನಮ್ಮ ಪಾಡು.

ಮನೆ ಮಾಲೀಕರ ಜೊತೆ

"ಶಾಕ್ ಹೊಡೆಯುತ್ತದೆ" ಎಂದರೆ ಮಾಲೀಕರು ಚಪ್ಪಲಿ ಹಾಕಿಕೊಳ್ಳಿ ಎನ್ನುತ್ತಾರೆ. ನಾನು ಎರಡನೆಯ ಸಲ ವಾಟ್ಸಾಪಿನಲ್ಲಿ ಕಳುಹಿಸಿದ್ದು ಮೂರು ಫೋಟೋ: ಕಪ್ಪು ಕೊಂಡಿ, ಪೈಪಿಗೆ ಸುತ್ತಿದ ಹಸಿರು ವೈರ್, ಪುಡಿಯಾದ ಗೀಸರ್ ವೈರ್. ಜೊತೆಗೆ ಕಾಕಾ ಬರೆದುಕೊಟ್ಟ ಖರ್ಚಿನ ಚೀಟಿ. ಒಂದು ಗಂಟೆಯೊಳಗೆ ಅವರೇ ಫೋನ್ ಮಾಡಿದರು. ಹನ್ನೊಂದು ತಿಂಗಳ ಲೀವ್ ಅಂಡ್ ಲೈಸೆನ್ಸ್ ಕರಾರಿನಲ್ಲಿ ಸಣ್ಣಪುಟ್ಟ ರಿಪೇರಿ ಬಾಡಿಗೆದಾರನದು ಎಂದು ಬರೆದಿರುತ್ತಾರೆ. ಗೋಡೆಯೊಳಗಿನ ವೈರಿಂಗ್ ಮತ್ತು ಅರ್ಥಿಂಗ್ ಸಣ್ಣಪುಟ್ಟದರಲ್ಲಿ ಸೇರುವುದಿಲ್ಲ ಎಂಬ ಒಂದು ಸಾಲನ್ನು ನೋಂದಣಿಗೆ ಮೊದಲೇ ಸೇರಿಸಿಕೊಂಡರೆ ಆಮೇಲೆ ವಾದವಿಲ್ಲ.

ವೈರ್‌ಮನ್ ಯಾರೇ ಬರಲಿ, ಬೋರ್ಡ್ ಮುಚ್ಚುವ ಮೊದಲು ಒಂದೇ ಪ್ರಶ್ನೆ ಕೇಳಿ: "ಅರ್ಥಿಂಗ್ ಕುಠೂನ್ ಘೇತಲೀ?" ಎಲ್ಲಿಂದ ತೆಗೆದುಕೊಂಡೆ? ಮೀಟರ್ ರೂಮಿನ ಅರ್ಥಿಂಗ್ ಪಟ್ಟಿಯಿಂದ ಎಂದರೆ ಸರಿ, ಹೋಗಿ ತೋರಿಸು ಎನ್ನಿ. ನ್ಯೂಟ್ರಲ್‌ನಿಂದ, ನಲ್ಲಿಯಿಂದ, ಪಕ್ಕದ ಮನೆಯಿಂದ ಎಂದರೆ ಚಹಾ ಕೊಡುವುದನ್ನು ಸ್ವಲ್ಪ ತಡೆಯಿರಿ.

ಮೀಟರ್ ರೂಮಿನಿಂದ ಮೂರು ಮಹಡಿ ಹೊಸ ಹಸಿರು ವೈರ್ ಎಳೆಯಲು ಸೊಸೈಟಿಯ ಒಪ್ಪಿಗೆ ಬೇಕಿತ್ತು, ಅದಕ್ಕೆ ನಾಲ್ಕು ತಿಂಗಳು ಹಿಡಿಯಿತು. ಅಲ್ಲಿಯವರೆಗೆ ನಮ್ಮನ್ನು ಕಾಯಲೆಂದು ಕಾಕಾ ಕೊಂಡಿ ಕಿತ್ತು, ನ್ಯೂಟ್ರಲ್ ಫ್ಯೂಸ್ ತೆಗೆದು, ಮೇನ್ ಬೋರ್ಡಿನಲ್ಲಿ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಕೂರಿಸಿದರು. ಹೋದ ಕರೆಂಟಿಗೂ ಮರಳಿದ ಕರೆಂಟಿಗೂ ವ್ಯತ್ಯಾಸ ಕಂಡರೆ ಅದು ಕಡಿಯುತ್ತದೆ. ಅರ್ಥಿಂಗ್ ಇಲ್ಲದ ಮನೆಯಲ್ಲೂ ಮನುಷ್ಯನ ಮೈಯಿಂದ ಸೋರುವ ಕರೆಂಟನ್ನು ಅದು ಹಿಡಿಯಬಲ್ಲದು, ಆದ್ದರಿಂದ ಬಾಡಿಗೆದಾರ ಕೇಳಲೇಬೇಕಾದ ವಸ್ತು ಇದು. ಖರ್ಚನ್ನು ಮನೆ ಒಡತಿಯೂ ನಾನೂ ಸಮಪಾಲು ಹಂಚಿಕೊಂಡೆವು. ಆರ್‌ಸಿಸಿಬಿಯ ಮೇಲೆ ಟೆಸ್ಟ್ ಎಂಬ ಗುಂಡಿ ಇದೆ. ತಿಂಗಳಿಗೊಮ್ಮೆ ಒತ್ತುತ್ತೇನೆ, ಬೀಳಬೇಕು. ಬೀಳದ ದಿನ ಅದನ್ನು ಬದಲಿಸಬೇಕು.

ಮುಂದಿನ ಜುಲೈನಲ್ಲಿ ಒಂದು ಬೆಳಿಗ್ಗೆ ಅಮ್ಮ ಅರೆಯುತ್ತಿದ್ದಾಗ ಇಡೀ ಮನೆಯ ಕರೆಂಟ್ ಠಪ್ಪೆಂದು ಹೋಯಿತು. ಕೈಗೆ ಏನೂ ತಾಗಿರಲಿಲ್ಲ. ಗ್ರೈಂಡರಿನ ಪ್ಲಗ್ ಕಿತ್ತ ಮೇಲೆ ಆರ್‌ಸಿಸಿಬಿ ಮತ್ತೆ ಬೀಳದೆ ನಿಂತಿತು. ಸೀಲ್ ಮತ್ತೆ ಸವೆದಿತ್ತು. ಅರ್ಧ ಅರೆದ ಹಿಟ್ಟನ್ನು ಆ ದಿನ ಮಿಕ್ಸರಿನಲ್ಲಿ ಮುಗಿಸಿದೆವು. ದೋಸೆ ಸ್ವಲ್ಪ ದಪ್ಪ ಬಂತು ಎಂದು ಅಮ್ಮ ಈಗಲೂ ಹೇಳುತ್ತಾರೆ.